ಮಸಿಯ ಕೆಳಗಿನ ವಿಳಾಸ

ಮಂಗಳವಾರದ ಸಭೆಯಲ್ಲಿ ಯಾರೂ ನನ್ನನ್ನು ಏನೂ ಕೇಳಲಿಲ್ಲ. ಅದಕ್ಕೆ ನನಗೆ ಸಂತೋಷವಾಯಿತು. ಸಂಜೆ ದಿನಚರಿಯಲ್ಲಿ ಅದನ್ನೇ ಬರೆಯಲು ಕೂತೆ. ಒಂದು ಸಾಲಿನಾಚೆ ಪೆನ್ನು ಹೋಗಲಿಲ್ಲ. ‘ಇಂಥ ದಿನವೂ ತನ್ನನ್ನು ಕೇಳಲಿಲ್ಲವೆಂದು ಹಿಗ್ಗುವವಳು ಎಂಥವಳು?’ ಅಷ್ಟು ಬರೆದು ಪುಸ್ತಕ ಮುಚ್ಚಿಬಿಟ್ಟೆ.

ಆ ದಿನ ಬೆಳಿಗ್ಗೆ ಒಂಬತ್ತಕ್ಕೆ ವಕೀಲರ ಪತ್ರ ಬಂದಿತ್ತು.

ನಮ್ಮ ಪ್ರಯೋಗಾಲಯದ ಮುಖ್ಯಸ್ಥರು ಡಾಕ್ಟರ್ ಅಲಿಸ್ಟರ್ ಮೆಕೈಸಾಕ್. ಅವರ ಕೋಣೆಯ ಕಿಟಕಿಯಿಂದ ಹ್ಯಾಲಿಫ್ಯಾಕ್ಸ್ ಬಂದರು ಕಾಣುತ್ತದೆ. ಅಂದು ಮಂಜಿನಲ್ಲಿ ಏನೂ ಕಾಣುತ್ತಿರಲಿಲ್ಲ. ಮೇಜಿನ ಈಚೆ ನಾವು ಮೂವರು. ಸರ್ವರ್ ನೋಡಿಕೊಳ್ಳುವ ಡೆಲ್ಬರ್ಟ್ ಕ್ರೌಸ್, ಐವತ್ತೆಂಟು ವರ್ಷ, ನಿವೃತ್ತಿಯ ದಿನ ಎಣಿಸುತ್ತಿದ್ದವರು. ಎಂಜಿನಿಯರ್ ಒಬಿನ್ನಾ ಎಜೆಗ್ವು, ತನ್ನ ದೇಶದ ಎನುಗುವಿನಿಂದ ಇಲ್ಲಿಗೆ ಬಂದು ನಾಲ್ಕು ವರ್ಷ. ಹೆಂಡತಿ ಮಗಳು ಬಂದು ಸೇರಿಕೊಂಡದ್ದು ಇದೇ ಜನವರಿಯಲ್ಲಿ. ಮತ್ತು ನಾನು, ಕೊರಿನ್ ತಿಬೊಡೊ. ಪದವಿ ಮುಗಿದ ಮೇಲೆ ಸಿಕ್ಕ ಮೊದಲ ಕೆಲಸ ಇದು. ಸಭೆಗಳಲ್ಲಿ ನಾನು ಮಾತಾಡುವುದಿಲ್ಲ, ಟಿಪ್ಪಣಿ ಬರೆಯುತ್ತೇನೆ. ಯಾರು ಏನಂದರೋ ಅದನ್ನು ಅಂದ ಹಾಗೆಯೇ ಇಳಿಸಿಬಿಡುವುದು ದಿನಚರಿಯಿಂದ ಬಂದ ಚಾಳಿ.

ಡಾಕ್ಟರ್ ಪತ್ರವನ್ನು ಗಟ್ಟಿಯಾಗಿ ಓದಿದರು.

ಮಹಿಳೆಯರಿಗೆ ಆಸರೆ ಕೊಡುವ ಸಂಸ್ಥೆಯೊಂದು ಮೂರು ವರ್ಷದ ಹಿಂದೆ ತನ್ನ ವೆಬ್‌ಸೈಟಿನಲ್ಲಿ ಒಂದು ವರದಿ ಹಾಕಿತ್ತು. ಹೊಡೆಯುವ ಗಂಡಂದಿರನ್ನು ಬಿಟ್ಟು ಬಂದ ಹೆಂಗಸರು, ಅವರಿಗೆ ಸಿಕ್ಕ ಹೊಸ ಮನೆಗಳು. ಹೆಸರು, ವಿಳಾಸಗಳ ಮೇಲೆ ಕಪ್ಪು ಮಸಿ ಬಳಿದು ಮುಚ್ಚಿತ್ತು. ಆ ವರದಿಯ ಪ್ರತಿ ನಮ್ಮ ಸರ್ವರ್‌ನಲ್ಲೂ ಇದೆಯೆಂದು ಗೊತ್ತಾಗಿ ಫೆಬ್ರವರಿಯಲ್ಲಿ ತೆಗೆಯಲು ಕೇಳಿತು. ತೆಗೆದಿದ್ದೇವೆ ಎಂದು ನಾವು ಉತ್ತರ ಬರೆದೆವು. ಕಳೆದ ಶುಕ್ರವಾರ ಒಬ್ಬಾತ ತನ್ನ ಮಾಜಿ ಹೆಂಡತಿಯ ಹೆಸರನ್ನು ಅಂತರಜಾಲದಲ್ಲಿ ಹುಡುಕಿದ. ನಮ್ಮ ಸರ್ವರ್‌ನಲ್ಲಿ ಹೆಸರೂ ಸಿಕ್ಕಿತು, ವಿಳಾಸವೂ ಸಿಕ್ಕಿತು. ಮಸಿ ಇರಲಿಲ್ಲ. ಶನಿವಾರ ಬೆಳಿಗ್ಗೆ ಆತ ಅವಳ ಬಾಗಿಲಲ್ಲಿ ನಿಂತಿದ್ದ. ಮಗಳ ಕೈ ಹಿಡಿದು ಆಕೆ ಹಿತ್ತಿಲಿನಿಂದ ಓಡಿದಳು. ಈಗ ಮತ್ತೆ ಅಡಗಿದ್ದಾಳೆ.

ಸಂಸ್ಥೆಯ ವಕೀಲರ ಪತ್ರದ ಕೊನೆಯಲ್ಲಿ ಎರಡು ಪ್ರಶ್ನೆ. ಮಸಿ ತೆಗೆದವರು ಯಾರು? ತೆಗೆದಿದ್ದೇವೆ ಎಂದ ಮೇಲೂ ಇಟ್ಟುಕೊಂಡವರು ಯಾರು? ಶುಕ್ರವಾರ ಮಧ್ಯಾಹ್ನ ಹನ್ನೆರಡರೊಳಗೆ ಹೆಸರು ಬರೆದು ಕೊಡದಿದ್ದರೆ ನ್ಯಾಯಾಲಯ.

“ಒಬಿನ್ನಾ, ತೆಗೆದಿದ್ದೀವಿ ಅಂತ ಬರೆದವನು ನೀನೇ ತಾನೇ?”

“ಹೌದು ಡಾಕ್ಟರ್. ತೆಗೆದೆ.”

“ತೆಗೆದಿದ್ರೆ ಇದೇನು?”

“ಗೊತ್ತಿಲ್ಲ. ಈಗಷ್ಟೇ ಹುಡುಕಿದೆ. ಅಲ್ಲಿಲ್ಲ.”

“ಅಲ್ಲಿಲ್ಲದ್ದು ಅವನಿಗೆ ಹೇಗೆ ಕಾಣ್ತು? ಕನಸಿನಲ್ಲಾ?”

ಡೆಲ್ಬರ್ಟ್ ಕೆಮ್ಮಿದರು. “ಸದ್ಯಕ್ಕೆ ಸರ್ವರ್ ಮುಚ್ಚಿಬಿಡ್ಲಾ?”

“ಯಾಕೆ? ಟೋಕಿಯೋದಿಂದ ಟೊರಾಂಟೋವರೆಗೆ ಜನ ಅದನ್ನ ನೆಚ್ಕೊಂಡಿದ್ದಾರೆ.” ಡಾಕ್ಟರ್ ಪತ್ರವನ್ನು ಮೇಜಿನ ಮೇಲೆ ಎಸೆದರು. “ನೋಡಿ, ಫೆರಿ ಹತ್ಕೊಂಡು ಹೋಗಿ ಹೆಂಡತೀನ ಹುಡುಕೋ ಅಂಥ ಮನುಷ್ಯ, ನಾವಿಲ್ಲದಿದ್ರೂ ಹುಡುಕ್ತಿದ್ದ. ಆದ್ರೆ ವಕೀಲರಿಗೆ ಒಂದು ಹೆಸರು ಬೇಕಂತೆ. ಕೊಡೋಣ.”

ಕೊಡೋಣ ಎನ್ನುವಾಗ ಅವರು ಒಬಿನ್ನಾನ ಕಡೆಗೇ ನೋಡುತ್ತಿದ್ದರು. ಅವನ ಕರಾರು ಜೂನ್‌ಗೆ ಮುಗಿಯುತ್ತದೆ. ಇಲ್ಲೇ ನೆಲೆ ನಿಲ್ಲಲು ಹಾಕಿದ ಅರ್ಜಿ ಪ್ರಯೋಗಾಲಯದ ಒಂದು ಶಿಫಾರಸಿನ ಮೇಲೆ ನಿಂತಿದೆ. ಕಾನೂನು ಮುರಿದವನೆಂದು ಅವನ ಹೆಸರು ಬರೆದರೆ ಅರ್ಜಿಯೂ ಇಲ್ಲ, ಮನೆಯೂ ಇಲ್ಲ. ಗಂಡ, ಹೆಂಡತಿ, ಮಗಳು ಮೂವರೂ ವಿಮಾನ ಹತ್ತಬೇಕು.

ನಾನು ಎಲ್ಲವನ್ನೂ ಬರೆದುಕೊಂಡೆ. ತಲೆ ಎತ್ತಲಿಲ್ಲ.

*

ಬುಧವಾರ ವಿಶ್ವವಿದ್ಯಾಲಯದ ಆಡಳಿತ ಕಚೇರಿಯಿಂದ ವಿನಿಫ್ರೆಡ್ ಝಿಂಕ್ ಬಂದರು. ಅರವತ್ತು ದಾಟಿದ ಹೆಂಗಸು. ಮಳೆಕೋಟು, ಕೈಯಲ್ಲಿ ಓಟ್ಸ್ ಬಿಸ್ಕತ್ತಿನ ಹಳೇ ಡಬ್ಬಿ. ಜನರ ಖಾಸಗಿ ವಿವರ ಹೊರಬಿದ್ದ ಕಡೆಗೆಲ್ಲ ಆಡಳಿತ ಅವರನ್ನು ಕಳಿಸುತ್ತದೆ. ಅದಕ್ಕೂ ಮೊದಲು ಇಪ್ಪತ್ತೆರಡು ವರ್ಷ ಜಮೀನು ನೋಂದಣಿ ಕಚೇರಿಯಲ್ಲಿ ಗುಮಾಸ್ತೆಯಾಗಿದ್ದರಂತೆ.

“ನಿಮಗೆ ಸಹಾಯಕ್ಕೆ ಒಬಿನ್ನಾನನ್ನೇ ಕೊಡ್ತೀನಿ,” ಅಂದರು ಡಾಕ್ಟರ್, ನಗುತ್ತ.

“ಬೇಡ. ಆ ಮೂಲೇಲಿ ಬರೀತಿರೋ ಹುಡುಗಿ ಸಾಕು. ಏನಮ್ಮಾ ನಿನ್ನ ಹೆಸರು?”

ಹೇಳಿದೆ. ಎರಡು ಸಲ ಹೇಳಬೇಕಾಯಿತು; ಮೊದಲ ಸಲ ಧ್ವನಿ ಬರಲಿಲ್ಲ.

ಮೊದಲು ಒಬಿನ್ನಾನ ಮೇಜು.

“ನಿಮ್ಮ ಕಸುಬು ಏನು? ನಾನು ಏನೂ ತಿಳೀದವಳು ಅಂದ್ಕೊಂಡು ಹೇಳು.”

“ಯಾವ ಫೈಲು ಕೊಟ್ರೂ ತೆರೆದು ಅದರ ಅಕ್ಷರ ಓದೋ ಪ್ರೋಗ್ರಾಮ್ ಮಾಡ್ತೀವಿ ಮೇಡಂ. ಓದುತ್ತೋ ಇಲ್ವೋ ಪರೀಕ್ಷೆ ಮಾಡೋಕೆ ಥರಾವರಿ ಫೈಲು ಬೇಕು. ಕೆಟ್ಟವು, ಮುರಿದವು, ಹಳೇವು. ನಾವೇ ಕೂತು ಮಾಡಿದ್ರೆ ಅಂಥವು ಹುಟ್ಟಲ್ಲ. ಅದಕ್ಕೆ ನೆಟ್ಟಿಂದ ಬಾಚಿ ತಂದ್ವಿ.”

“ಎಷ್ಟು?”

“ಹನ್ನೊಂದು ಲಕ್ಷ. ಉಗ್ರಾಣ ಅಂತೀವಿ. ಬೇರೆ ಪ್ರಯೋಗಾಲಯದವರೂ ಬಳಸಲಿ ಅಂತ ಸರ್ವರ್‌ನಲ್ಲಿ ಎಲ್ಲರಿಗೂ ತೆರೆದಿಟ್ಟಿದೀವಿ.”

“ಒಡೆಯರನ್ನ ಕೇಳಿದ್ರಾ?”

ಒಬಿನ್ನಾ ನಕ್ಕ. ಆ ನಗೆಯಲ್ಲಿ ನಗೆ ಇರಲಿಲ್ಲ. “ಹನ್ನೊಂದು ಲಕ್ಷ ಒಡೆಯರನ್ನ ಕೇಳೋದು ಹೇಗೆ ಅಂತಾರೆ ಡಾಕ್ಟರ್. ಆಕ್ಷೇಪ ಇದ್ರೆ ಬರೀರಿ, ತೆಗೀತೀವಿ ಅಂತ ಒಂದು ಸಾಲು ಹಾಕಿದೀವಿ.”

“ತಮ್ಮ ಫೈಲು ಇಲ್ಲಿದೆ ಅಂತ ಒಡೆಯರಿಗೆ ಗೊತ್ತಾಗೋದು ಹೇಗೆ?”

“ಗೊತ್ತಾಗಲ್ಲ ಮೇಡಂ.”

“ಉಗ್ರಾಣ ಅಂದ್ರೆ ಬೀಗ ಇರಬೇಕಲ್ಲ?”

“ಬೀಗ ಹಾಕೋಣ ಅಂತ ಹೋದ ವರ್ಷವೇ ಬರೆದುಕೊಟ್ಟೆ. ಫೈಲು ಒಳಗೇ ಇರ್ಲಿ. ಎಲ್ಲಿಂದ ತಂದ್ವಿ ಅನ್ನೋ ಪಟ್ಟಿ ಮಾತ್ರ ಹೊರಗೆ ಕೊಡೋಣ. ಬೇಕಾದವರು ತಾವೇ ಹೋಗಿ ತಂದ್ಕೊಳ್ಳಲಿ ಅಂದೆ. ಹೆದರುಪುಕ್ಕಲ ಅಂದ್ರು ಡಾಕ್ಟರ್. ಎಲ್ಲರ ಮುಂದೆ.”

ನಿಜ. ಆ ಸಭೆಯ ಟಿಪ್ಪಣಿಯಲ್ಲೂ ಆ ಪದವಿದೆ. ನಾನೇ ಬರೆದದ್ದು.

ಅವನು ತನ್ನ ದಾಖಲೆ ತೆಗೆದು ತೋರಿಸಿದ. ಫೆಬ್ರವರಿ ಹತ್ತೊಂಬತ್ತು, ಕಡತ ತೆಗೆದದ್ದು, ಕಡತದ ಸಂಖ್ಯೆ, ಗಂಟೆ ನಿಮಿಷ ಸಹಿತ. ಝಿಂಕ್ ತಾವೇ ಕೂತು ಉಗ್ರಾಣದಲ್ಲಿ ಆ ಸಂಖ್ಯೆ ಹುಡುಕಿದರು. ಇಲ್ಲ.

“ಅಂದ್ರೆ ನೀನು ಹೇಳಿದ್ದು ಸುಳ್ಳಲ್ಲ.”

“ಹಾಗಂತ ಮೇಲೆ ಹೇಳ್ತೀರಾ?”

“ಸುಳ್ಳಲ್ಲ ಅಂತ ಹೇಳಿದ್ರೆ ಸಾಲಲ್ಲಪ್ಪ. ಯಾರದ್ದು ಸುಳ್ಳು ಅಂತ ಹೇಳಬೇಕು.”

ಒಬಿನ್ನಾ ಕನ್ನಡಕ ತೆಗೆದು ಒರೆಸಿದ. “ನನ್ನ ಮಗಳಿಗೆ ಇಲ್ಲಿ ಈಗತಾನೇ ಒಬ್ಬಳು ಗೆಳತಿ ಸಿಕ್ಕಿದಾಳೆ,” ಅಂದ, ಯಾರಿಗೆಂದಿಲ್ಲದೆ.

*

ಡೆಲ್ಬರ್ಟ್ ಸರ್ವರ್ ಕೋಣೆಯ ಪಕ್ಕದಲ್ಲೇ ಚಹಾ ಕುದಿಸುತ್ತಾರೆ. ಕರೀ ಡಾಂಬರಿನಂಥ ಚಹಾ. ಝಿಂಕ್ ಅವರಿಗೆ ಹಳೇ ಪರಿಚಯ; ವಿನಿಫ್ರೆಡ್ ಅವರ ಬಾಯಲ್ಲಿ ವಿನಿ.

“ಬ್ಯಾಕಪ್ ಅಂತ ಇನ್ನೊಂದು ಪ್ರತಿ ಇರುತ್ತಲ್ಲ, ಅದರಿಂದ ಹೊರಗೆ ಬಂದಿರಬಹುದಾ?” ಝಿಂಕ್ ಕೇಳಿದರು.

“ಬ್ಯಾಕಪ್ ಹೊರಗಿನವರಿಗೆ ಕಾಣಲ್ಲ ವಿನಿ. ನನ್ನ ಹೆಂಡತಿಗೂ ತೋರಿಸಿಲ್ಲ, ಇಪ್ಪತ್ತೊಂಬತ್ತು ವರ್ಷದಿಂದ.”

“ಅವಳು ಕೇಳಿದಾಳಾ?”

“ಅದೂ ಸರೀನೇ.”

ಝಿಂಕ್ ನಗಲಿಲ್ಲ. ವಕೀಲರ ಪತ್ರದ ಜೊತೆ ಬಂದಿದ್ದ ಒಂದೇ ಒಂದು ಹಾಳೆಯನ್ನು ಚಹಾದ ಲೋಟದ ಪಕ್ಕ ಬಿಡಿಸಿದರು. ಆತ ತೆರೆದ ಪುಟದ ಚಿತ್ರ ಅದು. ವಕೀಲರು ಎಚ್ಚರದವರು, ನಾವು ಸಾಕ್ಷ್ಯ ಅಳಿಸಬಾರದೆಂದು ಪುಟ ಸರ್ವರ್‌ನಲ್ಲಿ ಎಲ್ಲಿತ್ತು ಎಂಬುದನ್ನು ಹೇಳಿರಲಿಲ್ಲ, ಆಕೆಯ ಹೆಸರು, ಊರು, ವಿಳಾಸದ ಸಾಲುಗಳನ್ನೆಲ್ಲ ಕತ್ತರಿಸಿಯೇ ತೆಗೆದಿದ್ದರು. ಉಳಿದದ್ದು ಕಿಟಕಿ ಕಿಟಕಿಯಾದ ಹಾಳೆ.

“ಹುಡುಗಿ, ನೀನು ನೋಡು. ಇದರಲ್ಲಿ ಏನಿಲ್ಲ?”

ಏನಿದೆ ಅಂತಲ್ಲ, ಏನಿಲ್ಲ ಅಂತ ಕೇಳುತ್ತಿದ್ದಾರೆ.

“ಸಂಸ್ಥೆಯ ಚಿಹ್ನೆ ಇಲ್ಲ,” ಅಂದೆ. “ಚಿತ್ರ ಇಲ್ಲ. ಬಣ್ಣ ಇಲ್ಲ. ಬರೀ ಅಕ್ಷರ.”

“ಮತ್ತೆ ಪುಟ ಮುಗಿದ ಕಡೆ ಈ ಗೀಟು ಗೀಟು?”

ಡೆಲ್ಬರ್ಟ್ ಲೋಟ ಕೆಳಗಿಟ್ಟರು. “ಅಯ್ಯೋ ದೇವರೇ. ಅದು ನಮ್ಮ ಗೀಟು.”

“ನಿಮ್ಮದು ಅಂದ್ರೆ?”

“ನಮ್ಮ ಪ್ರೋಗ್ರಾಮ್ ಒಂದು ಪುಟ ಓದಿ ಮುಗಿಸಿದಾಗ ಹಾಕೋದು. ಇದು ಫೈಲಲ್ಲ ವಿನಿ. ಇದು ಮಾದರಿ ಉತ್ತರ.”

ಪರೀಕ್ಷೆಗೆ ಮಾದರಿ ಉತ್ತರ ಇಟ್ಟುಕೊಂಡು ತಿದ್ದುವ ಮೇಷ್ಟ್ರ ಹಾಗೆ ನಮ್ಮಲ್ಲೂ ಒಂದು ಪದ್ಧತಿಯಿದೆ. ಪ್ರತಿ ಕಡತವನ್ನೂ ಪ್ರೋಗ್ರಾಮ್ ಒಮ್ಮೆ ಸರಿಯಾಗಿ ಓದಿದಾಗ, ಓದಿದ ಅಕ್ಷರಗಳನ್ನೆಲ್ಲ ಬೇರೊಂದು ಕಡೆ ಬರೆದಿಡುತ್ತೇವೆ. ಪ್ರೋಗ್ರಾಮ್ ತಿದ್ದಿದಾಗಲೆಲ್ಲ ಹೊಸ ಓದನ್ನು ಹಳೆಯದರ ಜೊತೆ ಹೋಲಿಸುತ್ತೇವೆ. ಹೊಂದಿದರೆ ಹಸಿರು. ಹೊಂದದಿದ್ದರೆ ಕೆಂಪು. ಮಾದರಿ ಉತ್ತರಕ್ಕೆ ಕೈ ಹಾಕಬಾರದು ಎಂಬುದು ಈ ಮನೆಯ ಮೊದಲ ನಿಯಮ. ಕೈ ಹಾಕಿದರೆ ಹತ್ತು ವರ್ಷದ ಹೋಲಿಕೆ ಹಾಳು. ಯಾರಾದರೂ ಕೇಳಿಕೊಂಡರೆ ಕಡತ ತೆಗೆಯುತ್ತೇವೆ. ಮಾದರಿ ಉತ್ತರ ಹಾಗೇ ಇರುತ್ತದೆ. ಅದೂ ಹೊರಗೆ, ಎಲ್ಲರಿಗೂ ಕಾಣುವ ಹಾಗೆ.

“ಮನೆಯಿಂದ ಹೆಣ ತೆಗೆದಿರಿ,” ಅಂದರು ಝಿಂಕ್ ನಿಧಾನವಾಗಿ. “ಸತ್ತವನ ಜೇಬಲ್ಲಿದ್ದ ಕಾಗದ ಎಲ್ಲಾ ಬೇಲಿ ಮೇಲೆ ಹರವಿಟ್ಟಿರಿ.”

ಹತ್ತು ನಿಮಿಷದಲ್ಲಿ ಡೆಲ್ಬರ್ಟ್ ಅದನ್ನು ಹುಡುಕಿ ತೆರೆದರು. ಇತ್ತು. ಶುಕ್ರವಾರದಿಂದ ಬುಧವಾರದವರೆಗೆ, ಪತ್ರ ಬಂದ ಮೇಲೂ, ಜಗತ್ತಿಗೆಲ್ಲ ಕಾಣುವಂತೆ ಇತ್ತು. ಹನ್ನೊಂದು ಹೆಂಗಸರ ಹೆಸರು, ಹನ್ನೊಂದು ವಿಳಾಸ. ಆತ ಹುಡುಕಿದ್ದು ಒಬ್ಬಳನ್ನು. ಉಳಿದ ಹತ್ತು ಗಂಡಂದಿರು ಇನ್ನೂ ಹುಡುಕಿರಲಿಲ್ಲ, ಅಷ್ಟೇ.

“ಮುಚ್ಚು,” ಅಂದರು ಝಿಂಕ್.

“ಡಾಕ್ಟರನ್ನ ಕೇಳದೆ—”

“ಇಡೀ ಸರ್ವರ್ ಮುಚ್ಚು ಡೆಲ್ಬರ್ಟ್. ಯಾರಾದ್ರೂ ಕೇಳಿದ್ರೆ ನನ್ನ ಹೆಸರು ಹೇಳು. ಟೋಕಿಯೋದವರು ಕೇಳಿದ್ರೂ.”

ಆಮೇಲೆ ಮಸಿಯ ಪ್ರಶ್ನೆ.

“ವರದಿಯಲ್ಲಿ ಮಸಿ ಇತ್ತು. ಇದರಲ್ಲಿಲ್ಲ. ತೆಗೆದವರು ಯಾರು?”

“ಯಾರೂ ಅಲ್ಲ ಮೇಡಂ,” ಅಂದ ಒಬಿನ್ನಾ. ಅವನನ್ನು ಕರೆಸಿದ್ದರು. ಅವನ ಮುಖದಲ್ಲಿ ಗೆದ್ದ ಕಳೆಯಿರಲಿಲ್ಲ, ಹೇಸಿಗೆಯಿತ್ತು. “ಆ ಸಂಸ್ಥೆಯವರು ಅಕ್ಷರ ಅಳಿಸಿಲ್ಲ. ಅಕ್ಷರದ ಮೇಲೆ ಕಪ್ಪು ಚೌಕ ಎಳೆದಿದಾರೆ. ಕಣ್ಣಿಗೆ ಚೌಕ ಕಾಣುತ್ತೆ. ಪ್ರೋಗ್ರಾಮಿಗೆ ಕಣ್ಣಿಲ್ಲ, ಅಕ್ಷರ ಮಾತ್ರ ಗೊತ್ತು. ಕೆಳಗಿದ್ದದ್ದನ್ನ ಓದಿಬಿಡ್ತು.”

ಝಿಂಕ್ ತಲೆಯಾಡಿಸಿದರು. “ನೋಂದಣಿ ಕಚೇರೀಲಿ ತಪ್ಪು ಹೆಸರಿನ ಮೇಲೆ ಕಾಗದದ ಚೂರು ಅಂಟಿಸ್ತಿದ್ರು. ಕಿಟಕಿಗೆ ಹಿಡಿದ್ರೆ ಕೆಳಗಿನ ಹೆಸರು ಓದಬಹುದಾಗಿತ್ತು. ಅವರ ತಪ್ಪು ಅಷ್ಟೇ, ಅಂಟಿಸಿದ್ದು. ನೀವು ಹಾಳೆ ತಗೊಂಡು ಹೋಗಿ ಕಿಟಕಿಗೇ ಮೊಳೆ ಹೊಡೆದಿರಿ.”

ಆಮೇಲೆ ನನ್ನ ಕಡೆ ತಿರುಗಿದರು. “ಫೈಲು ತೆಗೆದ ಮೇಲೆ ಮಾದರಿ ಉತ್ತರ ಒಂದೇ ಉಳೀತು. ಹೋಲಿಸೋಕೆ ಏನೂ ಇಲ್ಲ. ಆಗ ಕೆಂಪು ಬರಬೇಕಲ್ಲ?”

“ಬರುತ್ತೆ,” ಅಂದೆ. “ತಿಂಗಳಿಗೊಮ್ಮೆ ಪೂರ್ತಿ ಪರೀಕ್ಷೆ. ಮಾರ್ಚ್ ಹದಿನಾಲ್ಕಕ್ಕೆ ಬಂತು. ಆ ಸಂಖ್ಯೆಯನ್ನ ಪರೀಕ್ಷೆಯಿಂದ ಬಿಟ್ಟವುಗಳ ಪಟ್ಟಿಗೆ ಸೇರಿಸಿದ್ರೆ ಮತ್ತೆ ಹಸಿರು.”

“ಸೇರಿಸೋರು ಯಾರು?”

“ನಾನು. ಅದು ನನ್ನ ಕೆಲಸ.”

“ಒಂದು ಸಾಲು ಸೇರಿಸೋಕೆ ಎಷ್ಟು ಹೊತ್ತು?”

“ಹತ್ತು ಸೆಕೆಂಡು.”

ಅವರು ನನ್ನನ್ನೇ ನೋಡಿದರು. ಮುಂದಿನ ಪ್ರಶ್ನೆ ಬಂತು ಅಂದುಕೊಂಡೆ. ಅವರು ಡಬ್ಬಿ ತೆರೆದು ನನಗೊಂದು ಬಿಸ್ಕತ್ತು ಕೊಟ್ಟರು.

*

ಗುರುವಾರ ಡಾಕ್ಟರ್ ಕೋಣೆ. ಸರ್ವರ್ ಮುಚ್ಚಿಸಿದ್ದಕ್ಕೆ ಅವರ ಕತ್ತು ಕೆಂಪಾಗಿತ್ತು.

“ನೀವು ನೋಂದಣಿ ಕಚೇರಿಯವರು. ನಿಮಗಿದು ಅರ್ಥ ಆಗಲ್ಲ. ವೆಬ್‌ಸೈಟಲ್ಲಿ ಹಾಕಿದ್ದೇ ಅವರು. ಬೀದೀಲಿ ಬಿದ್ದಿತ್ತು, ಎತ್ಕೊಂಡ್ವಿ.”

“ಎತ್ಕೊಂಡಿರಿ. ಒಳಗೆ ಇಟ್ಕೊಂಡು ನಿಮ್ಮ ಪರೀಕ್ಷೆ ಮಾಡ್ಕೊಂಡಿದ್ರೆ ಒಂದು ಮಾತು. ಅಂಗಡಿ ಇಟ್ಟು ಹರವಿದ್ದು ಯಾಕೆ?”

“ವಿಜ್ಞಾನ ಬಚ್ಚಿಟ್ಕೊಂಡು ಮಾಡೋದಲ್ಲ.”

“ಆ ಹೆಂಗಸು ಬಚ್ಚಿಟ್ಕೊಂಡೇ ಬದುಕಬೇಕು ಡಾಕ್ಟರ್.”

ಅವರು ಕೈ ಕೊಡವಿದರು. “ಒಬ್ಬರ ಹಕ್ಕಿನ ಬರಹ ಇರಬಹುದು, ಒಬ್ಬರ ಗುಟ್ಟು ಇರಬಹುದು. ಹನ್ನೊಂದು ಲಕ್ಷದಲ್ಲಿ ಯಾವುದರಲ್ಲಿ ಏನಿದೆ ಅಂತ ಯಾರಿಗೆ ಗೊತ್ತಿರುತ್ತೆ? ಗೊತ್ತಿಲ್ಲದೆ ಆದದ್ದು ತಪ್ಪು, ಅಪರಾಧ ಅಲ್ಲ. ನಮ್ಮ ವಕೀಲರೂ ಅದನ್ನೇ ಹೇಳ್ತಾರೆ.”

“ಗೊತ್ತಿದ್ದು ಬಿಟ್ಟಿದ್ರೆ?”

“ಆಗ ಬೇರೆ.”

“ಆ ಮಾದರಿ ಉತ್ತರವನ್ನ ನೀವು ಯಾವತ್ತಾದ್ರೂ ಓದಿದ್ರಾ?”

“ನಾನಾ? ಅದನ್ನೆಲ್ಲ ಓದೋಕೆ ನನಗೆಲ್ಲಿ ಪುರುಸೊತ್ತು? ನಿನ್ನೆ ನೀವು ಪತ್ತೆ ಹಚ್ಚೋವರೆಗೂ ಅಂಥದ್ದೊಂದು ಇದೆ ಅಂತಲೇ ಗೊತ್ತಿರಲಿಲ್ಲ.” ಅವರು ನನ್ನ ಕಡೆ ನೋಡಲೇ ಇಲ್ಲ. ಮೂಲೆಯ ಕುರ್ಚಿಯನ್ನು ನೋಡುವಷ್ಟೂ ನೋಡಲಿಲ್ಲ. “ತೆಗೆಯೋ ಜವಾಬ್ದಾರಿ ಒಬಿನ್ನಾದು. ಅರ್ಧ ತೆಗೆದ, ಪೂರ್ತಿ ತೆಗೆದೆ ಅಂತ ಬರೆದ. ಪತ್ರ ಸಿದ್ಧವಾಗಿದೆ. ನಾಳೆ ಕಳಿಸ್ತೀನಿ.”

ನನ್ನ ಕೈ ಬರೆಯುತ್ತಲೇ ಇತ್ತು. ಅಕ್ಷರಗಳು ಹಾಳೆಯನ್ನು ಹರಿಯುವಷ್ಟು ಒತ್ತಿ ಮೂಡುತ್ತಿದ್ದವು.

ಮಧ್ಯಾಹ್ನ ಝಿಂಕ್ ನನ್ನನ್ನು ಬಂದರಿನ ಕಟ್ಟೆಗೆ ಕರೆದೊಯ್ದರು. ಗಾಳಿ. ಕಾಗದದಲ್ಲಿ ಸುತ್ತಿದ ಡೊನೇರ್ ಎಂಬ ಮಾಂಸದ ರೊಟ್ಟಿ ನನ್ನ ಕೈಯಲ್ಲೇ ತಣ್ಣಗಾಯಿತು.

“ನಿನ್ನ ಮಂಗಳವಾರದ ಟಿಪ್ಪಣಿ ಓದಿದೆ. ಅಂದದ್ದನ್ನ ಅಂದ ಹಾಗೇ ಬರೀತೀಯ. ಕೆಮ್ಮೂ ಬಿಟ್ಟಿಲ್ಲ.”

“ಅಭ್ಯಾಸ ಮೇಡಂ.”

“ನನಗೆ ಯಾರು ಅಂತ ಗೊತ್ತಾಗಿದೆ, ಕೊರಿನ್. ನಿನ್ನ ಟಿಪ್ಪಣಿಯಿಂದಲೇ. ಆದ್ರೆ ನಾನು ಹೇಳಿದ್ರೆ ಊಹೆ ಅಂತಾರೆ. ಕಣ್ಣಾರೆ ಕಂಡವರು ಬೇಕು.” ಸಮುದ್ರವನ್ನೇ ನೋಡುತ್ತ ಅಂದರು. “ಇದ್ದಾರೋ ಇಲ್ಲವೋ ನಾನು ಕೇಳಲ್ಲ. ಕೇಳಿ ಹೇಳಿಸಿದ ಮಾತು ವಕೀಲರ ಮುಂದೆ ನಿಲ್ಲಲ್ಲ. ಅಂಥ ಸಾಕ್ಷಿ ಮುರಿದು ಬೀಳೋದನ್ನ ಬಹಳ ನೋಡಿದೀನಿ.”

ನಾನು ಬಾಯಿ ತೆರೆದೆ. ಒಂದು ಕಡಲಹಕ್ಕಿ ಕಿರುಚಿತು. ಮುಚ್ಚಿದೆ.

ಅಂದು ಮನೆಗೆ ಹೋದವಳೇ ದಿನಚರಿಯ ಮಾರ್ಚ್ ಹದಿನಾಲ್ಕರ ಪುಟ ತೆರೆದೆ.

ಆ ಬೆಳಿಗ್ಗೆ ಎಂಟೂವರೆಗೆ ಕೆಂಪು ಬಂದಿತ್ತು. ಸಾಮಾನ್ಯವಾಗಿ ನಾನು ಓದುವುದಿಲ್ಲ. ಸಂಖ್ಯೆ ನಕಲು ಮಾಡುತ್ತೇನೆ, ಅಂಟಿಸುತ್ತೇನೆ. ಅಂದು ಕಣ್ಣು ಜಾರಿತು. ಒಂದು ಹೆಸರು. ‘ಹೆರಾನ್ ದ್ವೀಪ. ಫೆರಿ ದೋಣಿ ಇಳಿದು ಎಡಕ್ಕೆ ಮೂರನೇ ಮನೆ, ಹಳದಿ ಬಾಗಿಲು. ಮಗಳು ಎರಡನೇ ತರಗತಿ.’ ಅಚ್ಚು ಹಾಕಿಕೊಂಡು ಡಾಕ್ಟರ್ ಕೋಣೆಗೆ ಓಡಿದೆ. ಅವರು ನಿಂತೇ ಓದಿದರು, ಪೂರ್ತಿ. ‘ಮಾದರಿ ಉತ್ತರಕ್ಕೆ ಕೈ ಹಾಕೋದಿಲ್ಲ. ನಾಳೆ ಒಟ್ಟಾವಾದಿಂದ ಅನುದಾನದವರು ಬರ್ತಿದಾರೆ. ಒಂದಕ್ಕೆ ಕೈ ಹಾಕಿದ್ರೆ ತೆಗೆದ ಮುನ್ನೂರು ಫೈಲಿನವಕ್ಕೂ ಹಾಕಬೇಕು. ಪಟ್ಟಿಗೆ ಸೇರಿಸು, ಹಸಿರು ಮಾಡು. ಇದನ್ನ ಯಾರು ಹುಡುಕ್ತಾರೆ?’ ಹಾಳೆಯನ್ನು ಚೂರು ಮಾಡುವ ಯಂತ್ರಕ್ಕೆ ತೂರಿಸಿದರು.

ನಾನು ಹಸಿರು ಮಾಡಿದೆ. ಹತ್ತು ಸೆಕೆಂಡು. ದಿನಚರಿಯಲ್ಲಿ ಕೊನೆಯ ಸಾಲು: ‘ನಾನು ಹೇಳಬೇಕಾದವರಿಗೆ ಹೇಳಿದ್ದೇನೆ.’ ಎಷ್ಟು ಅಚ್ಚುಕಟ್ಟಾದ ಕೈಬರಹ. ಆ ಸಾಲನ್ನು ಓದಿದಷ್ಟೂ ನನಗೆ ಸಿಟ್ಟು ಬಂತು. ಮೊದಲು ಅವರ ಮೇಲೆ. ಆಮೇಲೆ ಆ ಕೈಬರಹದ ಮೇಲೆ.

*

ಶುಕ್ರವಾರ, ಹನ್ನೊಂದು ಗಂಟೆ. ಅದೇ ಕೋಣೆ, ಅದೇ ಮೇಜು. ಮೇಲೆ ಒಬಿನ್ನಾನ ಹೆಸರಿದ್ದ ಪತ್ರ, ಸಹಿ ಒಂದು ಬಾಕಿ. ಒಬಿನ್ನಾ ಕೋಟು ಹಾಕಿಕೊಂಡು ಬಂದಿದ್ದ, ಸಂದರ್ಶನಕ್ಕೆ ಬಂದವನ ಹಾಗೆ.

“ಸಹಿ ಮಾಡೋ ಮುಂಚೆ ಐದು ನಿಮಿಷ,” ಅಂದರು ಝಿಂಕ್. “ಮಸಿ ತೆಗೆದವರು ಯಾರೂ ಇಲ್ಲ. ಕೆಳಗಿದ್ದದ್ದನ್ನ ನಿಮ್ಮ ಪ್ರೋಗ್ರಾಮ್ ಓದಿತು. ಫೈಲನ್ನ ಒಬಿನ್ನಾ ತೆಗೆದ. ಮಾದರಿ ಉತ್ತರವನ್ನ ತೆಗೆಯೋಕೆ ಅವನಿಗೆ ಅಧಿಕಾರವಿಲ್ಲ. ಅದು ಡಾಕ್ಟರ್ ಒಬ್ಬರ ಒಪ್ಪಿಗೆಯಿಂದ ಆಗೋದು. ಅದರಲ್ಲಿ ಏನಿದೆ ಅಂತ ಅವನಿಗೆ ಗೊತ್ತೂ ಇರಲಿಲ್ಲ. ಉಳಿದದ್ದು ಒಂದೇ ಪ್ರಶ್ನೆ. ಅದರಲ್ಲಿ ಏನಿದೆ ಅಂತ ಮೊದಲೇ ಯಾರಿಗೆ ಗೊತ್ತಿತ್ತು?”

“ಯಾರಿಗೂ ಇಲ್ಲ,” ಅಂದರು ಡಾಕ್ಟರ್.

“ಕೊರಿನ್, ಮಂಗಳವಾರದ ಟಿಪ್ಪಣಿ. ಸರ್ವರ್ ಮುಚ್ಚಲಾ ಅಂತ ಡೆಲ್ಬರ್ಟ್ ಕೇಳಿದ ಮೇಲೆ.”

ನಾನು ಓದಿದೆ. ನನ್ನ ಧ್ವನಿ ನನಗೇ ದೂರದಿಂದ ಕೇಳಿಸಿತು. “‘ಫೆರಿ ಹತ್ಕೊಂಡು ಹೋಗಿ ಹೆಂಡತೀನ ಹುಡುಕೋ ಅಂಥ ಮನುಷ್ಯ, ನಾವಿಲ್ಲದಿದ್ರೂ ಹುಡುಕ್ತಿದ್ದ.’”

“ಫೆರಿ,” ಅಂದರು ಝಿಂಕ್.

ವಕೀಲರ ಪತ್ರವನ್ನು ಮೇಜಿನ ನಡುವಿಗೆ ತಳ್ಳಿದರು.

“ವಕೀಲರ ಪತ್ರದಲ್ಲಿ ಊರಿಲ್ಲ. ದ್ವೀಪವಿಲ್ಲ. ಹಾಳೆಯಿಂದ ವಿಳಾಸ ಕತ್ತರಿಸಿದ್ರು. ಆ ಪುಟ ಎಲ್ಲಿದೆ ಅಂತ ಈ ಮನೇಲಿ ಗೊತ್ತಾದದ್ದು ಬುಧವಾರ ಮಧ್ಯಾಹ್ನ. ವಿಶ್ವವಿದ್ಯಾಲಯದ ವಕೀಲರಿಗೆ ಫೋನ್ ಮಾಡಿ ಕೇಳಿದೆ, ಅವರಿಗೂ ಇವತ್ತಿನವರೆಗೆ ಊರು ಗೊತ್ತಿಲ್ಲ. ಮಂಗಳವಾರ ಬೆಳಿಗ್ಗೆ ಒಂಬತ್ತಕ್ಕೆ, ಡಾಕ್ಟರ್, ಅವಳ ಮನೆಗೆ ಫೆರಿ ಹತ್ತಿ ಹೋಗಬೇಕು ಅಂತ ನಿಮಗೆ ಹೇಳಿದವರು ಯಾರು?”

ಡೆಲ್ಬರ್ಟ್ ತಮ್ಮ ಬೂಟುಗಳನ್ನು ನೋಡುತ್ತಿದ್ದರು. ಒಬಿನ್ನಾ ಮೆಲ್ಲಗೆ ತಲೆ ಎತ್ತಿದ.

“ಇದು ನೋವಾ ಸ್ಕೋಷಿಯಾ,” ಅಂದರು ಡಾಕ್ಟರ್. “ಎಲ್ಲಿಗೆ ಹೋದ್ರೂ ಒಂದು ಫೆರಿ ಇರುತ್ತೆ. ಬಾಯಿಗೆ ಬಂದ ಮಾತು.”

“ಆಗಿರಬಹುದು. ನಾನು ಹೇಳೋದು ಹೀಗೆ: ಮಾರ್ಚ್‌ನಲ್ಲಿ ಕೆಂಪು ಬಂದಾಗ ಅದು ನಿಮ್ಮ ಮುಂದೆ ಬಂತು. ನೀವು ಓದಿದ್ರಿ. ಹನ್ನೊಂದು ಹೆಂಗಸರ ವಿಳಾಸ ಅಂತ ಗೊತ್ತಿದ್ದೂ ಬಿಟ್ರಿ, ಹಸಿರು ತೋರಿಸೋಕೆ. ಇಟ್ಟುಕೊಂಡವರು ಯಾರು ಅಂತ ವಕೀಲರು ಕೇಳಿದಾರಲ್ಲ, ಅದಕ್ಕೆ ಉತ್ತರ ನೀವು.”

“ಕಥೆ ಚೆನ್ನಾಗಿದೆ.” ಅವರು ಪೆನ್ನಿನ ಮುಚ್ಚಳ ತೆಗೆದರು. “ನಾನು ಓದಿದ್ದನ್ನ ನೋಡಿದವರು ಯಾರಾದ್ರೂ ಇದಾರಾ? ಇಲ್ಲ ತಾನೇ? ಒಂದು ಪದ ಹಿಡ್ಕೊಂಡು ಹದಿನೆಂಟು ವರ್ಷದ ಕೆಲಸ ಅಳೀಬೇಡಿ. ಒಬಿನ್ನಾ, ಇದರಲ್ಲಿ ವೈಯಕ್ತಿಕ ಏನಿಲ್ಲಪ್ಪ. ನಿನ್ನಂಥ ಬುದ್ಧಿವಂತನಿಗೆ ಬೇರೆ ಕಡೆ ಕೆಲಸ ಸಿಗುತ್ತೆ.”

“ಬೇರೆ ಕಡೆ ಅಂದ್ರೆ ಎನುಗುವಿನಲ್ಲಾ?” ಒಬಿನ್ನಾ ಕೇಳಿದ. ಅವನ ಧ್ವನಿಯಲ್ಲಿ ಏರಿಳಿತವೇ ಇರಲಿಲ್ಲ.

ಪೆನ್ನು ಕಾಗದಕ್ಕೆ ತಾಗಿತು.

ಝಿಂಕ್ ನನ್ನ ಕಡೆ ನೋಡಲಿಲ್ಲ. ಡಬ್ಬಿಯ ಮುಚ್ಚಳವನ್ನು ನೋಡುತ್ತ ಕೂತಿದ್ದರು. ಯಾರೂ ನನ್ನನ್ನು ಏನೂ ಕೇಳಲಿಲ್ಲ.

ಹಳದಿ ಬಾಗಿಲು ಕಣ್ಣಿಗೆ ಬಂತು. ಅದರ ಮುಂದೆ ನಿಂತ ಮನುಷ್ಯ. ಹಿತ್ತಿಲಲ್ಲಿ ಎರಡನೇ ತರಗತಿಯ ಹುಡುಗಿಯ ಕೈ. ಹತ್ತು ಸೆಕೆಂಡು.

ಕುರ್ಚಿ ಹಿಂದಕ್ಕೆ ಸರಿದು ಕಿರ್ರೆಂದಿತು. ನಾನು ನಿಂತಿದ್ದೆ. ಟಿಪ್ಪಣಿ ಪುಸ್ತಕ ಕೈಯಿಂದ ಜಾರಿ ಬಿತ್ತು, ಎತ್ತಿಕೊಳ್ಳಲಿಲ್ಲ.

“ನಾನು ನೋಡಿದೀನಿ,” ಅಂದೆ. ಧ್ವನಿ ಒಡೆಯಿತು, ಒಡೆಯಲಿ ಎಂದು ಮತ್ತೆ ಹೇಳಿದೆ, ಗಟ್ಟಿಯಾಗಿ. “ಮಾರ್ಚ್ ಹದಿನಾಲ್ಕು. ನಾನು ಓದಿ ನಿಮ್ಮ ಕೈಗೆ ಕೊಟ್ಟೆ. ನೀವು ಇಲ್ಲೇ ನಿಂತ್ಕೊಂಡು ಓದಿದ್ರಿ. ಆಮೇಲೆ ನಾವಿಬ್ಬರೂ ಸುಮ್ಮನಾದ್ವಿ.”